ಪಕ್ಕದ ಕಾರ್ಡಿನ ತೂತುಗಳು: ಕೊಪ್ಪಳದ ಬೇಸಿಗೆ ಶಿಬಿರದ ಒಂದು ಪ್ರಕರಣ

ಶಿಬಿರದ ದಿನಚರಿ ಪುಸ್ತಕದ ಐದನೆಯ ದಿನದ ಪುಟದಲ್ಲಿ, ಏರ್ ರೈಫಲ್ ತರಬೇತಿಯ ಬಗ್ಗೆ, ನನ್ನದೇ ಕೈಬರಹದ ಒಂದು ಸಾಲಿದೆ: ‘ಮೂರನೆಯ ಲೇನಿನ ಹುಡುಗಿ ಬೇಕೆಂದೇ ಪಕ್ಕದವನ ಕಾರ್ಡಿಗೆ ಹೊಡೆದಿದ್ದಾಳೆ, ಕೇಳಿದರೆ ಸುಳ್ಳು ಹೇಳುತ್ತಾಳೆ, ಎಚ್ಚರಿಕೆ ನೀಡಲಾಗಿದೆ.’ ಈ ಸಾಲಿನ ಮೂರು ಹೇಳಿಕೆಗಳಲ್ಲಿ ಕೊನೆಯದೊಂದೇ ನಿಜ. ಹನ್ನೆರಡು ವರ್ಷದ ಮಗುವೊಂದು ತನ್ನ ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆಯೇ ಹೇಳುತ್ತಿದ್ದರೂ ನಾವು ಮೂವರು ದೊಡ್ಡವರು ಅದನ್ನು ನಂಬದೇ ಹೋದದ್ದು ಹೇಗೆ, ಕಡೆಗೆ ನಂಬಬೇಕಾಗಿ ಬಂದದ್ದು ಹೇಗೆ ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಮಗುವಿನ ಹೆಸರನ್ನೂ ಉಳಿದವರ ಹೆಸರುಗಳನ್ನೂ ಬಿಟ್ಟಿದ್ದೇನೆ. ನನ್ನ ತಪ್ಪುಗಳನ್ನು ಬಿಟ್ಟಿಲ್ಲ.

ಹಿನ್ನೆಲೆ

ಶಿಬಿರ ನಡೆದದ್ದು ಕೊಪ್ಪಳ ಊರ ಹೊರಗಿನ ಒಂದು ಶಾಲೆಯ ಆವರಣದಲ್ಲಿ, ಏಪ್ರಿಲ್ ತಿಂಗಳ ನಡುವಿನಿಂದ 15 ದಿನ. ಹತ್ತರಿಂದ ಹದಿನಾಲ್ಕು ವರ್ಷದೊಳಗಿನ 32 ಮಕ್ಕಳಿದ್ದರು. ಮಲ್ಲಕಂಬ, ಖೊಖೊ, ಕಿನ್ನಾಳ ಗೊಂಬೆಗೆ ಬಣ್ಣ ಹಚ್ಚುವುದು, ಇವುಗಳ ಜೊತೆಗೆ ಆ ವರ್ಷ ಹೊಸದಾಗಿ ಏರ್ ರೈಫಲ್ ತರಬೇತಿಯನ್ನೂ ಸೇರಿಸಿದ್ದರು. ಹನ್ನೆರಡು ತುಂಬಿದ ಮಕ್ಕಳಿಗೆ ಮಾತ್ರ, ಅದೂ ಪಾಲಕರು ಬರೆದುಕೊಟ್ಟ ಒಪ್ಪಿಗೆಯ ಮೇಲೆ, ಅದಕ್ಕೆ ಪ್ರವೇಶವಿತ್ತು. ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ 2024ರಲ್ಲಿ ಎರಡು ಕಂಚಿನ ಪದಕ ಗೆದ್ದದ್ದನ್ನು ಮಕ್ಕಳೆಲ್ಲ ಮೊಬೈಲಿನಲ್ಲಿ ನೋಡಿದ್ದರಾದ್ದರಿಂದ ಹೆಸರು ಬರೆಸಿದ ಹದಿನಾಲ್ಕು ಜನರಲ್ಲಿ ಒಂಬತ್ತು ಮಂದಿ ಹೆಣ್ಣುಮಕ್ಕಳೇ ಆಗಿದ್ದರು.

ತರಬೇತಿ ಕೊಡಲು ಬಂದವರು ಒಬ್ಬ ನಿವೃತ್ತ ಸೈನಿಕರು. ಅವರಿಗೆ ನೆರವಾಗಿ ಒಬ್ಬ ದೈಹಿಕ ಶಿಕ್ಷಕರಿದ್ದರು. ಪ್ರಾಥಮಿಕ ಶಾಲೆಯ ಶಿಕ್ಷಕಿಯಾದ ನನಗೆ ಹಾಜರಿ, ದಿನಚರಿ ಮತ್ತು ಪಾಲಕರೊಂದಿಗಿನ ಮಾತುಕತೆಯ ಜವಾಬ್ದಾರಿಯಿತ್ತು. ಕೊಪ್ಪಳದ ಏಪ್ರಿಲ್ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ; ಒಂಬತ್ತು ಗಂಟೆಯಾಗುವಷ್ಟರಲ್ಲಿ ತಗಡಿನ ಕೆಳಗೆ ನಿಲ್ಲುವುದು ಕಷ್ಟವಾಗುತ್ತಿದ್ದುದರಿಂದ ಬೆಳಿಗ್ಗೆ ಆರೂವರೆಗೆ ಆರಂಭಿಸಿ ಎಂಟೂವರೆಗೆ ರೈಫಲ್‌ಗಳನ್ನು ಒಳಗಿಡುತ್ತಿದ್ದೆವು.

ಜಾಗದ ಏರ್ಪಾಡನ್ನು ಸ್ವಲ್ಪ ವಿವರವಾಗಿ ಹೇಳುವುದು ಅಗತ್ಯ, ಏಕೆಂದರೆ ಮುಂದಿನದೆಲ್ಲ ಅದರ ಅಳತೆಗಳನ್ನೇ ಅವಲಂಬಿಸಿದೆ. ಶಾಲೆಯ ಹಿಂದಿನ ಉದ್ದನೆಯ ತಗಡಿನ ಶೆಡ್ಡಿನಲ್ಲಿ ಟೇಪು ಹಿಡಿದು 10 ಮೀಟರ್ ಅಳೆದು, ಒಂದು ಕೊನೆಯಲ್ಲಿ ನಾಲ್ಕು ಬೆಂಚುಗಳನ್ನೂ ಇನ್ನೊಂದು ಕೊನೆಯಲ್ಲಿ ಗುರಿಯ ನಾಲ್ಕು ಕಾರ್ಡುಗಳನ್ನೂ ಇಟ್ಟಿದ್ದೆವು; ಒಂದು ಬೆಂಚು, ಅದರೆದುರಿನ ಕಾರ್ಡು ಸೇರಿ ಒಂದು ಲೇನು. ಕಾರ್ಡುಗಳ ಹಿಂದೆ ಒಂದರ ಮೇಲೊಂದು ನಾಲ್ಕು ಹಳೆಯ ಕೌದಿಗಳನ್ನು ಸಡಿಲವಾಗಿ ಇಳಿಬಿಟ್ಟು, ಅವುಗಳ ಹಿಂದೆ ಮರಳಿನ ಚೀಲಗಳನ್ನು ಆಳೆತ್ತರಕ್ಕೆ ಪೇರಿಸಲಾಗಿತ್ತು. ದಪ್ಪ ಬಟ್ಟೆ ಸಡಿಲವಾಗಿ ತೂಗುತ್ತಿದ್ದರೆ ಸೀಸದ ಪೆಲೆಟ್ (ಏರ್ ರೈಫಲ್ಲಿನ ಪುಟ್ಟ ಗುಂಡು) ಅದಕ್ಕೆ ಬಡಿದು ತನ್ನ ವೇಗವನ್ನೆಲ್ಲ ಕಳೆದುಕೊಂಡು ಅಲ್ಲೇ ಉದುರುತ್ತದೆ, ಇಲ್ಲವೇ ಮಡಿಕೆಯಲ್ಲಿ ಸಿಕ್ಕಿಕೊಳ್ಳುತ್ತದೆ. ತಿರುಗಿ ಚಿಮ್ಮುವ ಭಯವಿಲ್ಲ. ಶೆಡ್ಡು ಕಿರಿದಾಗಿದ್ದುದರಿಂದ ಒಂದು ಕಾರ್ಡಿನ ನಡುವಿನಿಂದ ಪಕ್ಕದ ಕಾರ್ಡಿನ ನಡುವಿಗೆ ಎರಡು ಅಡಿ ಮಾತ್ರ ಅಂತರ ಬಿಡಲು ಸಾಧ್ಯವಾಯಿತು. ಸ್ಪರ್ಧೆಯ ರೇಂಜಿನಲ್ಲಿ ಅಷ್ಟು ಹತ್ತಿರ ಇಡುವುದಿಲ್ಲ.

ರೈಫಲ್‌ಗಳು ನಳಿಗೆಯನ್ನು ಮುರಿದಂತೆ ಬಗ್ಗಿಸಿ ಸ್ಪ್ರಿಂಗ್ ಏರಿಸುವ ಮಾದರಿಯವು. ಒಂದೊಂದೂ ಸುಮಾರು ಮೂರು ಕಿಲೋ. ಹಿಂದೆ ಒಂದು ಕಚ್ಚು, ನಳಿಗೆಯ ತುದಿಯಲ್ಲಿ ಒಂದು ಮೊಳೆ, ಇಷ್ಟೇ ಗುರಿ ನೋಡುವ ಸಾಧನ. ಇದನ್ನು ಓಪನ್ ಸೈಟ್ ಎನ್ನುತ್ತಾರೆ. ಪೆಲೆಟ್ 4.5 ಮಿಲಿಮೀಟರಿನದು. ಈ ಅಳತೆಯನ್ನು ಮೀರದ, 20 ಜೂಲ್‌ಗಿಂತ ಹೆಚ್ಚಿನ ಶಕ್ತಿಯಿಲ್ಲದ ಏರ್ ರೈಫಲ್‌ಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಾಗಿಲ್ಲ. ಹಾಗೆಂದು ಅದು ಆಟಿಕೆಯಲ್ಲ. ಕಣ್ಣಿಗೆ ಬಿದ್ದರೆ ಕಣ್ಣು ಹೋಗುತ್ತದೆ ಎಂಬುದನ್ನು ತರಬೇತುದಾರರು ಮೊದಲ ದಿನವೇ ಒಂದು ಕುಂಬಳಕಾಯಿಗೆ ಹೊಡೆದು, ಪೆಲೆಟ್ ಸಿಪ್ಪೆಯನ್ನು ತೂರಿ ಒಳಗೆ ಎಷ್ಟು ದೂರ ಹೋಗಿದೆ ಎಂದು ಕೊಯ್ದು ತೋರಿಸಿದರು. ನೂರು ಮಾತಿಗಿಂತ ಆ ಕಾಯಿ ಹೆಚ್ಚು ಕೆಲಸ ಮಾಡಿತು.

ಕಾರ್ಡಿನ ವಿಷಯದಲ್ಲಿ ಒಂದು ರಿಯಾಯಿತಿ ಮಾಡಿಕೊಂಡಿದ್ದೆವು. ಹತ್ತು ಮೀಟರ್ ರೈಫಲ್ ಸ್ಪರ್ಧೆಯ ಕಾರ್ಡಿನಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್, ರಾಗಿ ಕಾಳಿಗಿಂತಲೂ ಸಣ್ಣದು. ಹೊಸ ಮಕ್ಕಳಿಗೆ ಅದು ಆಗದ ಮಾತು. ಆದ್ದರಿಂದ ಪಿಸ್ತೂಲಿನ ಕಾರ್ಡು ಬಳಸಿದೆವು: 17 ಸೆಂಟಿಮೀಟರ್ ಚೌಕ, ನಡುವಿನ ಕಪ್ಪು ವೃತ್ತ 59.5 ಮಿಲಿಮೀಟರ್, ಹತ್ತರ ವೃತ್ತ 11.5 ಮಿಲಿಮೀಟರ್. ಮಕ್ಕಳು ಬೆಂಚಿನ ಮುಂದೆ ಕುಳಿತು, ರೈಫಲ್‌ನ ಮುಂಭಾಗವನ್ನು ಮರಳಿನ ಸಣ್ಣ ಚೀಲದ ಮೇಲಿಟ್ಟು, ದಿನಕ್ಕೆ ಹತ್ತು ಗುಂಡು ಹೊಡೆಯಬೇಕು. ಸ್ಪ್ರಿಂಗ್ ಏರಿಸುವುದು ದೊಡ್ಡವರ ಕೆಲಸ, ಏಕೆಂದರೆ ಬಗ್ಗಿಸಿದ ನಳಿಗೆ ಕೈಜಾರಿ ಮೇಲಕ್ಕೆ ಚಿಮ್ಮಿದರೆ ಪೆಲೆಟ್ ಇಡುತ್ತಿರುವ ಬೆರಳು ಉಳಿಯುವುದಿಲ್ಲ.

ಹುಡುಗಿ

ಹುಡುಗಿಯ ತಂದೆ ಟಂಟಂ ಓಡಿಸುತ್ತಾರೆ. ತಾಯಿ ಭಾಗ್ಯನಗರದ ಕಡೆಯಿಂದ ಸಿಕ್ಕುಗೂದಲು ತಂದು ಮನೆಯಲ್ಲೇ ಬಿಡಿಸಿಕೊಡುವ ಕೆಲಸ ಮಾಡುತ್ತಾರೆ. ಕೊಪ್ಪಳದ ಸುತ್ತ ನೂರಾರು ಮನೆಗಳಲ್ಲಿ ಹೆಂಗಸರು ಈ ಕೆಲಸ ಮಾಡುತ್ತಾರೆ. ಮಗಳೂ ಸಂಜೆ ಎರಡು ತಾಸು ತಾಯಿಯ ಪಕ್ಕದಲ್ಲಿ ಕುಳಿತು ಗಂಟುಗಂಟಾದ ಕೂದಲನ್ನು ದಬ್ಬಣದಿಂದ ಎಳೆ ಎಳೆಯಾಗಿ ಬಿಡಿಸುತ್ತಾಳೆ. ಇದನ್ನು ನಾನು ತಿಳಿದದ್ದು ಎಂಟನೆಯ ದಿನ. ಮೊದಲೇ ತಿಳಿದಿದ್ದರೆ ‘ಈಕೆಗೆ ಲಕ್ಷ್ಯವಿಲ್ಲ’ ಎಂಬ ಮಾತನ್ನು ನಾನಾದರೂ ಒಪ್ಪುತ್ತಿರಲಿಲ್ಲ.

ಬಂದ ಮಕ್ಕಳಲ್ಲಿ ಗನ್ನು ಹಿಡಿದ ಅನುಭವವಿದ್ದ ಇಬ್ಬರು ಮೂವರಲ್ಲಿ ಅವಳೂ ಒಬ್ಬಳು. ಜನವರಿಯ ಗವಿಮಠದ ಜಾತ್ರೆಯಲ್ಲಿ ಬಲೂನು ಹೊಡೆಯುವ ಅಂಗಡಿಯ ಮುಂದೆ ಮೂರು ವರ್ಷದಿಂದ ನಿಲ್ಲುತ್ತಿದ್ದಳಂತೆ. ಆ ಅನುಭವ ಎರಡು ರೀತಿಯಲ್ಲಿ ಶಿಬಿರಕ್ಕೆ ಬಂತು. ಮೊದಲನೆಯದು ಎರಡನೆಯ ದಿನವೇ ಕಾಣಿಸಿತು: ಗುಂಡು ತುಂಬುವ ಅಭ್ಯಾಸಕ್ಕೆಂದು ಐದೈದು ಪೆಲೆಟ್ ಕೊಟ್ಟಾಗ ಈಕೆ ನಾಲ್ಕನ್ನು ಬಾಯಲ್ಲಿಟ್ಟುಕೊಂಡು ಒಂದನ್ನು ಬೆರಳಲ್ಲಿ ಹಿಡಿದಿದ್ದಳು. ಜಾತ್ರೆಯ ಅಂಗಡಿಯವನು ತುಟಿಯ ನಡುವಿನಿಂದ ಒಂದೊಂದೇ ಪೆಲೆಟ್ ತೆಗೆದು ತುಂಬುವುದನ್ನು ನೋಡಿ ಕಲಿತದ್ದು. ತರಬೇತುದಾರರು ಉಗುಳಿಸಿ, ಬಾಯಿ ಮುಕ್ಕಳಿಸಿಸಿ, ಸೀಸ ವಿಷ, ಮಕ್ಕಳ ಮಿದುಳಿಗೆ ಅದು ಹೆಚ್ಚು ಕೇಡು ಎಂದು ಎಲ್ಲರಿಗೂ ವಿವರಿಸಿದರು. ಅಂದಿನಿಂದ ಶೇಂಗಾ ಉಂಡೆ ಹಂಚುವ ಮೊದಲು ಸೋಪು ಹಚ್ಚಿ ಕೈ ತೊಳೆಯುವುದು ಕಡ್ಡಾಯವಾಯಿತು. ಹುಡುಗಿ ಅವಮಾನಪಟ್ಟುಕೊಳ್ಳಲಿಲ್ಲ, ‘ಹಂಗಾರ ಆ ಕಾಕಾಗೂ ಹೇಳಬೇಕಲ್ರೀ’ ಎಂದಳು.

ಎರಡನೆಯದು ನಮ್ಮ ಕಣ್ಣ ಮುಂದೆಯೇ ನಡೆದರೂ ನಮಗೆ ಕಾಣಲಿಲ್ಲ. ಮೂರನೆಯ ದಿನ ಮೊದಲ ಬಾರಿಗೆ ಬೆಂಚಿಗೆ ಕುಳಿತಾಗ ಅವಳು ರೈಫಲ್ಲನ್ನು ಎಡ ಭುಜಕ್ಕೆ ಒರಗಿಸಿಕೊಂಡಳು. ತರಬೇತುದಾರರು ಅದನ್ನು ಮೆತ್ತಗೆ ತೆಗೆದು ಬಲ ಭುಜಕ್ಕೆ ಇಟ್ಟು, ‘ಬರಿಯೂದು ಯಾ ಕೈಲೇವಾ? ಬಲಗೈಲೇ ಹೌದಿಲ್ಲೋ? ಹಂಗಾರ ಇದೂ ಬಲಕ್ಕ’ ಎಂದರು. ಹುಡುಗಿ ಹೂಂ ಎಂದಳು. ಇಡೀ ಪ್ರಕರಣ ಹುಟ್ಟಿದ್ದು ಆ ಹತ್ತು ಸೆಕೆಂಡುಗಳಲ್ಲಿ. ನಾನು ಅಲ್ಲೇ ಇದ್ದೆ. ದಿನಚರಿಯಲ್ಲಿ ‘ಹಿಡಿತ ಸರಿಪಡಿಸಲಾಯಿತು’ ಎಂದು ಬರೆದೆ.

ಕಾಣೆಯಾದ ಗುಂಡುಗಳು

ಮೂರನೆಯ ದಿನ ಹುಡುಗಿಯ ಕಾರ್ಡಿನಲ್ಲಿ ಏಳು ತೂತುಗಳಿದ್ದವು, ನಾಲ್ಕನೆಯ ದಿನ ಆರು. ಹೊಸಬರ ಗುಂಡು ಕಾರ್ಡಿನ ಹೊರಗೆ ಹೋಗುವುದು ಸಹಜವಾದ್ದರಿಂದ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಕಾರ್ಡಿಗೆ ಬಿದ್ದ ಗುಂಡುಗಳು ಕೆಟ್ಟದಾಗಿರಲಿಲ್ಲ. ಒಂದು ಒಂಬತ್ತು, ಎರಡು ಎಂಟು, ಮಿಕ್ಕವು ಆರು ಏಳು. ಅಷ್ಟು ಚೆನ್ನಾಗಿ ಹೊಡೆಯುವವಳ ಉಳಿದ ಗುಂಡುಗಳು ಕಾರ್ಡಿನ ಅಂಚಿಗೂ ತಾಗದೆ ಎಲ್ಲಿಗೆ ಹೋದವು ಎಂದು ಕೇಳಿಕೊಳ್ಳಬೇಕಿತ್ತು. ದೈಹಿಕ ಶಿಕ್ಷಕರು ಒಂದು ಸಂಗತಿಯನ್ನು ಗಮನಿಸಿದ್ದರು: ಕಾಣೆಯಾಗುತ್ತಿದ್ದವು ಯಾವಾಗಲೂ ಕೊನೆಯ ಗುಂಡುಗಳು. ಮೊದಲ ಐದಾರು ನೆಟ್ಟಗೆ, ಆಮೇಲಿನವು ಎಲ್ಲಿಗೋ. ಗಮನಿಸಿದ್ದು ಸರಿ, ಅದಕ್ಕೆ ಕೊಟ್ಟ ಅರ್ಥ ತಪ್ಪು. ‘ಆರು ಗುಂಡಿನ ಮಟ ಲಕ್ಷ್ಯ ಇರತೈತಿ, ಮುಂದ ಹಾರಿಹೋಗತೈತಿ’ ಎಂದು ಅವರು ತೀರ್ಮಾನಿಸಿದರು, ನಾನು ತಲೆಯಾಡಿಸಿದೆ.

ಐದನೆಯ ದಿನ ಎರಡನೆಯ ಲೇನಿನ, ಅಂದರೆ ಹುಡುಗಿಯ ಎಡಗಡೆಯ ಹುಡುಗ ತನ್ನ ಕಾರ್ಡು ತೆಗೆದುಕೊಂಡು ಓಡಿ ಬಂದ. ಅದರಲ್ಲಿ ಹನ್ನೆರಡು ತೂತುಗಳಿದ್ದವು. ಹತ್ತು ಗುಂಡಿಗೆ ಹನ್ನೆರಡು ತೂತು ಬೀಳುವುದಿಲ್ಲ. ಹೆಚ್ಚಿನ ಎರಡೂ ಕಾರ್ಡಿನ ಬಲ ಅಂಚಿಗೆ ಹತ್ತಿರ ಇದ್ದವು, ಹುಡುಗಿಯ ಕಾರ್ಡಿನಲ್ಲಿ ನಾಲ್ಕು ಕಡಿಮೆ ಇದ್ದವು. ಸ್ಪರ್ಧೆಯಲ್ಲಿ ಇದಕ್ಕೆ ಕ್ರಾಸ್ ಫೈರ್ ಎಂದು ಹೆಸರು. ಹೊಡೆದವರಿಗೆ ಆ ಗುಂಡು ಸೊನ್ನೆ, ಕಾರ್ಡಿನ ಒಡೆಯನಿಗೆ ಯಾವುದು ತನ್ನದೆಂದು ಗುರುತಿಸಲಾಗದಿದ್ದರೆ ಹೆಚ್ಚು ಅಂಕದ ಗುಂಡುಗಳನ್ನೇ ಅವನವೆಂದು ಎಣಿಸುತ್ತಾರೆ. ತರಬೇತುದಾರರು ಹಾಗೆಯೇ ಎಣಿಸಿದ್ದರಿಂದ ಹುಡುಗನಿಗೆ ಚಿಕ್ಕಾಸಿನ ನಷ್ಟವೂ ಆಗಲಿಲ್ಲ. ಆದರೂ ಅವನ ದೂರು ನಿಲ್ಲಲಿಲ್ಲ. ಹಿಂದಿನ ಸಂಜೆ ಖೊಖೊದಲ್ಲಿ ಇಬ್ಬರಿಗೂ ಜಗಳವಾಗಿತ್ತು, ಆ ಸಿಟ್ಟಿಗೆ ಹೀಗೆ ಮಾಡಿದ್ದಾಳೆ ಎಂದ. ಜಗಳವಾದದ್ದು ನನಗೂ ಗೊತ್ತಿತ್ತು. ಕಾರಣವೊಂದು ಕೈಗೆ ಸಿಕ್ಕಿತೆಂದರೆ ಹುಡುಕುವ ಕೆಲಸ ನಿಲ್ಲುತ್ತದೆ; ನನ್ನದೂ ನಿಂತಿತು.

ಹುಡುಗಿಯನ್ನು ಕರೆದು ಕೇಳಿದಾಗ ಅವಳು ಹೇಳಿದ್ದು ಒಂದೇ ಮಾತು: ‘ಇಲ್ರೀ ಅಕ್ಕೋರ, ನಾ ನನ್ನ ಕಾರ್ಡಿಗೇ ಹೊಡದೀನಿ. ಮೊಳಿ ನನ್ನ ಕರಿ ಚುಕ್ಕಿ ಮ್ಯಾಲೇ ಇತ್ತು.’ ಮೂರು ಬಾರಿ ಕೇಳಿದೆವು, ಮೂರು ಬಾರಿಯೂ ಅಕ್ಷರ ಬದಲಾಗದೆ ಅದನ್ನೇ ಹೇಳಿದಳು. ಎದುರಿಗೆ ತೂತು ಬಿದ್ದ ಕಾರ್ಡು ಇರುವಾಗ ಈ ಮಾತು ಮೊಂಡುತನದಂತೆ ಕೇಳಿಸಿತು. ‘ತೂತು ಬಿದ್ದದ್ದು ಕಣ್ಣಿಗೆ ಕಾಣತೈತಿ, ಸುಳ್ಳ ಯಾಕ ಹೇಳತಿ?’ ಎಂದು ದೈಹಿಕ ಶಿಕ್ಷಕರು ಗದರಿದಾಗ ಅವಳು ಅಳಲಿಲ್ಲ. ತನ್ನ ಬಲಗೈಯನ್ನು ತಾನೇ ನೋಡಿಕೊಂಡು ನಿಂತಳು.

ತರಬೇತುದಾರರು ಅವಳನ್ನು ಒಂದು ದಿನ ಬೆಂಚಿನಿಂದ ದೂರವಿಟ್ಟರು. ಇದರ ಬಗ್ಗೆ ನ್ಯಾಯವಾಗಿ ಹೇಳಬೇಕೆಂದರೆ ಅವರು ಮಾಡಿದ್ದು ಸರಿಯೇ. ಗುಂಡು ಎಲ್ಲಿಗೆ ಹೋಗುತ್ತಿದೆ ಎಂಬುದಕ್ಕೆ ವಿವರಣೆ ಸಿಗದಿದ್ದಾಗ, ಯಾರ ತಪ್ಪೇ ಇರಲಿ, ಗುಂಡು ನಿಲ್ಲಲೇಬೇಕು. ಅರ್ಧ ಮೀಟರ್ ಎಡಕ್ಕೆ ಹೋದದ್ದು ನಾಳೆ ಇನ್ನೂ ದೂರ ಹೋಗುವುದಿಲ್ಲವೆಂಬ ಭರವಸೆ ಯಾರಿಗೂ ಇರಲಿಲ್ಲ. ತಪ್ಪಾದದ್ದು ತಡೆದದ್ದರಲ್ಲಲ್ಲ, ತಡೆದುದಕ್ಕೆ ಸುಳ್ಳು ಮತ್ತು ಸಿಟ್ಟು ಎಂಬ ಕಾರಣ ಬರೆದದ್ದರಲ್ಲಿ. ಬರೆದವಳು ನಾನು.

ಕೌದಿ ಹೇಳಿದ್ದು

ಆರನೆಯ ದಿನ ಹುಡುಗಿಗೆ ಕಾರ್ಡು ಅಂಟಿಸುವ, ಬಿದ್ದ ಪೆಲೆಟ್‌ಗಳನ್ನು ಉದ್ದ ಚಿಮಟದಿಂದ ಡಬ್ಬಿಗೆ ಹಾಕುವ ಕೆಲಸ ಕೊಟ್ಟೆವು. ಕೈಗೆ ಕೈಗವಸು ಹಾಕಿಸಿ, ಎಲ್ಲ ರೈಫಲ್‌ಗಳ ನಳಿಗೆಯೊಳಗೆ ಕಿತ್ತಳೆ ಬಣ್ಣದ ನೈಲಾನ್ ದಾರ ತೂರಿಸಿದ ಮೇಲೆಯೇ ಅವಳನ್ನು ಆ ಕಡೆ ಬಿಡುತ್ತಿದ್ದೆವು. ದಾರ ಎರಡೂ ಕಡೆ ಹೊರಗೆ ಕಾಣುತ್ತಿದ್ದರೆ ಒಳಗೆ ಗುಂಡಿಲ್ಲವೆಂದು ಅರ್ಥ. ಅರ್ಧ ತಾಸಿನ ನಂತರ ಅವಳು ನನ್ನ ಬಳಿ ಬಂದು, ‘ಅಕ್ಕೋರ, ಸ್ವಲ್ಪ ಬರ್ರಿ’ ಎಂದು ಕೌದಿಯ ಹತ್ತಿರ ಕರೆದೊಯ್ದಳು.

ಯಾರದೋ ಮನೆಯ ಹಳೆಯ ಸೀರೆಗಳ ಕೌದಿ ಅದು, ನಡುವೆ ಹಸಿರು ಇಳಕಲ್ ಸೀರೆಯ ತುಂಡು. ಪ್ರತಿ ಕಾರ್ಡಿನ ಹಿಂದೆಯೂ ಬಟ್ಟೆ ಜಾಳಾಗಿತ್ತು, ಅದು ನಿರೀಕ್ಷಿತವೇ. ಆದರೆ ಎರಡನೆಯ ಮತ್ತು ಮೂರನೆಯ ಕಾರ್ಡುಗಳ ನಡುವೆ, ಎರಡನೆಯದರ ಬಲ ಅಂಚಿಗೆ ಒತ್ತಿಕೊಂಡಂತೆ, ಅಂಗೈಯಗಲದ ಒಂದು ಜಾಗದಲ್ಲಿ ಏಳೆಂಟು ತೂತುಗಳು ಗುಂಪಾಗಿದ್ದವು. ಎತ್ತರದಲ್ಲಿ ಹೆಚ್ಚುಕಡಿಮೆ ಇದ್ದರೂ ಅಡ್ಡಕ್ಕೆ ಅವು ಒಂದೇ ನೇರದಲ್ಲಿದ್ದವು. ಉಳಿದ ಯಾವ ಎರಡು ಕಾರ್ಡುಗಳ ನಡುವೆಯೂ ಅಂಥ ಗುಂಪಿರಲಿಲ್ಲ. ಹುಡುಗಿ ಅವುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿ, ‘ಇವು ನನ್ನವು ಇರಬೇಕ್ರಿ. ಎಲ್ಲಾ ಒಂದೇ ಕಡೆ ಹೋಗ್ಯಾವ’ ಎಂದಳು. ತನ್ನ ವಿರುದ್ಧದ ಸಾಕ್ಷ್ಯವನ್ನು ತಾನೇ ಹುಡುಕಿ ತಂದು ತೋರಿಸುವ ಸುಳ್ಳುಗಾರರನ್ನು ನಾನು ನೋಡಿಲ್ಲ. ನನಗೆ ಮೊದಲು ಅನುಮಾನ ಬಂದದ್ದು ಆಗ.

ಅಂದು ಮಧ್ಯಾಹ್ನ ತರಬೇತುದಾರರ ಜೊತೆ ಕುಳಿತು ಯೋಚಿಸಿದೆವು. ಗುಂಡಿನ ತೂತುಗಳನ್ನು ಓದುವುದಕ್ಕೆ ಅವರ ಬಳಿ ಒಂದು ಹಳೆಯ ಲೆಕ್ಕವಿತ್ತು: ಲಕ್ಷ್ಯ ತಪ್ಪಿದರೆ ಅಥವಾ ಕೈ ನಡುಗಿದರೆ ತೂತುಗಳು ಎಲ್ಲ ಕಡೆ ಚೆಲ್ಲುತ್ತವೆ, ಗುಂಪಾಗಿ ಒಂದು ಕಡೆ ಸರಿದಿದ್ದರೆ ದೋಷ ಸೈಟಿನಲ್ಲಿರುತ್ತದೆ. ಸಿಟ್ಟಿನಿಂದ ಹೊಡೆದಿದ್ದರೆ ಕಾರ್ಡಿನ ನಡುವಿಗೆ ಹೊಡೆಯುತ್ತಿದ್ದಳೇ ಹೊರತು ಅಂಚಿಗೂ ಖಾಲಿ ಬಟ್ಟೆಗೂ ಅಲ್ಲ. ಹಾಗಾದರೆ ಸೈಟು ಕೆಟ್ಟಿದೆಯೇ? ಅದೇ ರೈಫಲ್ಲಿನಿಂದ ತರಬೇತುದಾರರು ಐದು ಗುಂಡು ಹೊಡೆದರು. ಐದೂ ಕಪ್ಪು ವೃತ್ತದೊಳಗೆ. ಅದೇ ಹುಡುಗಿಯ ಮೊದಲ ಆರು ಗುಂಡುಗಳೂ ಅದೇ ರೈಫಲ್ಲಿನಿಂದ ಸರಿಯಾಗಿಯೇ ಹೋಗಿದ್ದವು. ಅಂದರೆ ಸೈಟು ಸರಿಯಾಗಿದೆ, ಆದರೆ ಆರು ಗುಂಡಿನ ನಂತರ ಕೆಡುತ್ತದೆ, ಅದೂ ಒಬ್ಬಳ ಕೈಯಲ್ಲಿ ಮಾತ್ರ! ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆಯೇ ಕೆಟ್ಟು ಅವರು ಫೈನಲ್ ತಪ್ಪಿಸಿಕೊಂಡಾಗ ‘ಒತ್ತಡ ತಾಳಲಿಲ್ಲ’ ಎಂದವರು ಕಡಿಮೆಯಿರಲಿಲ್ಲ ಎಂದು ನೆನೆಸಿಕೊಂಡೆ. ಇಲ್ಲಿ ಕೆಟ್ಟಿರುವುದು ರೈಫಲ್ ಅಲ್ಲವಾದರೆ ಮತ್ತೇನು ಎಂಬುದು ಮಾತ್ರ ಬಗೆಹರಿಯಲಿಲ್ಲ.

ಯಜಮಾನ ಕಣ್ಣು

ಏಳನೆಯ ದಿನ ಬೆಳಿಗ್ಗೆ ಬೇರೇನೂ ತೋಚದೆ ಹುಡುಗಿಗೆ, ಜಾತ್ರೆಯಲ್ಲಿ ಬಲೂನು ಹೇಗೆ ಹೊಡೆಯುತ್ತಿದ್ದೆ ತೋರಿಸು ಎಂದೆ. ಖಾಲಿ ರೈಫಲ್ ಕೊಟ್ಟೆವು. ಅವಳು ಒಮ್ಮೆ ತರಬೇತುದಾರರ ಮುಖ ನೋಡಿ, ಅವರು ಹೂಂ ಎಂದ ಮೇಲೆ, ಅದನ್ನು ಎಡ ಭುಜಕ್ಕೆ ಒರಗಿಸಿ ಎಡಗಣ್ಣನ್ನು ಕಚ್ಚಿಗೆ ತಂದಳು. ಕೆನ್ನೆ ದಿಂಬಿಗೆ ಒರಗಿದಷ್ಟು ಹಗುರವಾಗಿ ಮರದ ಮೇಲೆ ಕೂತಿತು. ಮೂರು ದಿನ ಬಲ ಭುಜದ ಮೇಲೆ ಒಮ್ಮೆಯೂ ಹಾಗೆ ಕೂತಿರಲಿಲ್ಲ.

ತರಬೇತುದಾರರು ಎರಡು ನಿಮಿಷ ಮಾತಾಡಲಿಲ್ಲ. ಆಮೇಲೆ ಹುಡುಗಿಯನ್ನು ಶೆಡ್ಡಿನ ಹೊರಗೆ ನಿಲ್ಲಿಸಿ, ಎರಡೂ ಕೈಗಳನ್ನು ಮುಂದಕ್ಕೆ ಚಾಚಿಸಿ, ಹೆಬ್ಬೆರಳುಗಳೂ ಬೆರಳುಗಳೂ ಒಂದರ ಮೇಲೊಂದು ಬರುವಂತೆ ಜೋಡಿಸಿ ನಡುವೆ ಒಂದು ಸಣ್ಣ ಕಿಂಡಿ ಮಾಡಿಸಿದರು. ಆ ಕಿಂಡಿಯಿಂದ, ಎರಡೂ ಕಣ್ಣು ತೆರೆದುಕೊಂಡು, ಶಾಲೆಯ ಗಂಟೆಯೆಂದು ತೂಗುಹಾಕಿದ ರೈಲು ಹಳಿಯ ತುಂಡನ್ನು ನೋಡುವಂತೆ ಹೇಳಿದರು. ಎಡಗಣ್ಣು ಮುಚ್ಚಿಸಿದಾಗ ಹಳಿ ಮಾಯವಾಯಿತು. ಬಲಗಣ್ಣು ಮುಚ್ಚಿಸಿದಾಗ ಹಳಿ ಅಲ್ಲೇ ಇತ್ತು. ಐದು ಬಾರಿ ಮಾಡಿಸಿದರೂ ಅದೇ ಫಲಿತಾಂಶ. ‘ಎಡಗಣ್ಣು ಯಜಮಾನ’ ಎಂದು ಅವರು ತಮ್ಮಷ್ಟಕ್ಕೆ ಎಂಬಂತೆ ಹೇಳಿದರು. ಸೈನ್ಯದಲ್ಲಿ ಇದನ್ನು ಮಾಸ್ಟರ್ ಐ ಎನ್ನುತ್ತಾರಂತೆ.

ಎರಡು ಕಣ್ಣುಗಳಿದ್ದರೂ ಗುರಿ ಹಿಡಿಯುವಾಗ ಮಿದುಳು ಒಂದರ ಮಾತನ್ನು ಹೆಚ್ಚು ನಂಬುತ್ತದೆ. ಸುಮಾರು ಮೂರರಲ್ಲಿ ಎರಡು ಪಾಲು ಜನರಲ್ಲಿ ಅದು ಬಲಗಣ್ಣು, ಉಳಿದವರಲ್ಲಿ ಬಹುಮಟ್ಟಿಗೆ ಎಡಗಣ್ಣು. ಇದಕ್ಕೂ ಯಾವ ಕಣ್ಣು ಚುರುಕು ಎಂಬುದಕ್ಕೂ, ಯಾವ ಕೈಯಲ್ಲಿ ಬರೆಯುತ್ತಾರೆ ಎಂಬುದಕ್ಕೂ ನೇರ ಸಂಬಂಧವಿಲ್ಲ. ಬಲಗೈಯಲ್ಲಿ ಬರೆದು ಎಡಗಣ್ಣಿನಲ್ಲಿ ಗುರಿ ನೋಡುವ ಮಕ್ಕಳು ಪ್ರತಿ ತರಗತಿಯಲ್ಲೂ ನಾಲ್ಕಾರು ಮಂದಿ ಇರುತ್ತಾರೆ. ಸೂಜಿಗೆ ದಾರ ಪೋಣಿಸುವಾಗಲೋ ಗೋಲಿ ಹೊಡೆಯುವಾಗಲೋ ಇದರಿಂದ ಏನೂ ಕೆಡುವುದಿಲ್ಲವಾದ್ದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಈಗ ಐದನೆಯ ದಿನ ನಡೆದದ್ದೇನೆಂದು ಹೇಳಬಹುದು. ಬಲ ಭುಜಕ್ಕೆ ಒರಗಿದ ರೈಫಲ್ಲಿನ ಹಿಂದೆ ಇದ್ದದ್ದು ಬಲಗಣ್ಣು. ಎಡಗಣ್ಣು ಮುಚ್ಚು ಎಂದು ಹೇಳಿಕೊಟ್ಟಿದ್ದೆವು. ಯಜಮಾನ ಕಣ್ಣನ್ನು ಮುಚ್ಚಿ ಇನ್ನೊಂದನ್ನು ತೆರೆದಿಡುವುದು ಅನೇಕರಿಗೆ ಕಷ್ಟ. ಹುಡುಗಿ ಮುಖ ಸಿಂಡರಿಸಿ ಆರು ಗುಂಡಿನವರೆಗೆ ಹಾಗೂ ಹೀಗೂ ಹಿಡಿದಿಟ್ಟುಕೊಳ್ಳುತ್ತಿದ್ದಳು. ರೆಪ್ಪೆಯ ಸ್ನಾಯು ಸೋತಾಗ ಎಡಗಣ್ಣು ತೆರೆದುಕೊಳ್ಳುತ್ತಿತ್ತು, ತೆರೆದ ಕೂಡಲೇ ಮಿದುಳು ಅದರ ಮಾತನ್ನೇ ಕೇಳುತ್ತಿತ್ತು. ಆಗ ಹಿಂದಿನ ಕಚ್ಚು ಲೆಕ್ಕಕ್ಕೇ ಬಾರದೆ, ಎಡಗಣ್ಣಿನಿಂದ ನೋಡಿದಂತೆ ನಳಿಗೆಯ ಮೊಳೆ ಕಪ್ಪು ವೃತ್ತದ ಮೇಲೆ ಬರುವಂತೆ ಅವಳು ರೈಫಲ್ಲನ್ನು ಸರಿಸುತ್ತಿದ್ದಳು. ಮೊಳೆ ಅವಳ ಕಾರ್ಡಿನ ಮೇಲೆಯೇ ಇತ್ತು. ನಳಿಗೆ ಮಾತ್ರ ಬೇರೆಡೆ ನೋಡುತ್ತಿತ್ತು.

ಎಷ್ಟು ಬೇರೆಡೆ ಎಂಬುದನ್ನು ಮಕ್ಕಳೆದುರೇ ಕಪ್ಪು ಹಲಗೆಯ ಮೇಲೆ ಲೆಕ್ಕ ಹಾಕಿದೆ. ಹುಡುಗಿಯ ಎರಡು ಕಣ್ಣುಗಳ ನಡುವಿನ ಅಂತರ ಸ್ಕೇಲಿನಲ್ಲಿ ಅಳೆದಾಗ ಸುಮಾರು ಐದೂವರೆ ಸೆಂಟಿಮೀಟರ್. ಕಣ್ಣಿನಿಂದ ನಳಿಗೆಯ ಮೊಳೆಗೆ 90 ಸೆಂಟಿಮೀಟರ್. ಮೊಳೆಯಿಂದ ಕಾರ್ಡಿಗೆ ಸುಮಾರು 9.1 ಮೀಟರ್. ಸದೃಶ ತ್ರಿಭುಜಗಳ ಸರಳ ಲೆಕ್ಕ. ಕಣ್ಣಿನ ಬಳಿಯ ಐದೂವರೆ ಸೆಂಟಿಮೀಟರ್ ಕಾರ್ಡಿನ ಬಳಿ ಹತ್ತುಪಟ್ಟಾಗಿ 55 ಸೆಂಟಿಮೀಟರ್ ದಾಟುತ್ತದೆ, ಅದೂ ಎಡಕ್ಕೆ. ಎರಡು ಅಡಿ ಎಂದರೆ 61 ಸೆಂಟಿಮೀಟರ್. ಪಕ್ಕದ ಕಾರ್ಡಿನ ಬಲ ಅಂಚು ಇರುವುದು 52ರ ಆಸುಪಾಸಿನಲ್ಲಿ. ಹುಡುಗಿ ಕೌದಿಯ ಹತ್ತಿರ ಹೋಗಿ ಟೇಪು ಹಿಡಿದು ಬಂದು, ‘ಐವತ್ನಾಲ್ಕು’ ಎಂದಳು. ಕಾರ್ಡುಗಳ ನಡುವೆ ಮೂರಡಿ ಅಂತರವಿದ್ದಿದ್ದರೆ ಆ ಗುಂಡುಗಳೆಲ್ಲ ಖಾಲಿ ಬಟ್ಟೆಗೆ ಬಿದ್ದು, ಯಾರೂ ದೂರದೆ, ಯಾರಿಗೂ ತಿಳಿಯದೆ, ಅವಳು ‘ಲಕ್ಷ್ಯವಿಲ್ಲದ ಹುಡುಗಿ’ ಎನಿಸಿಕೊಂಡೇ ಮನೆಗೆ ಹೋಗುತ್ತಿದ್ದಳು.

ಬಲ ಭುಜಕ್ಕೇ ಹಿಡಿಯಬೇಕೆಂಬ ಹಟ ಏಕೆ ಎಂದು ತರಬೇತುದಾರರನ್ನು ಕೇಳಿದೆ. ಅವರು ಮುಚ್ಚುಮರೆಯಿಲ್ಲದೆ ಹೇಳಿದರು: ‘ಫೌಜಿನ ರೈಫಲ್ಲಿನಾಗ ಖಾಲಿ ಕೇಸು ಬಲಕ್ಕ ಹಾರತಾವ್ರಿ ಅಕ್ಕೋರ. ಎಡಕ್ಕ ಹಿಡದ್ರ ಮುಖದ ಮುಂದ ಸಿಡೀತಾವ. ಅದಕ್ಕ ಎಲ್ಲಾರಿಗೂ ಬಲಕ್ಕ ಕಲಸ್ತೀವಿ. ಇಪ್ಪತ್ತು ವರ್ಷದ ರೂಢಿ.’ ಏರ್ ರೈಫಲ್ಲಿನಲ್ಲಿ ಹಾರುವ ಕೇಸೇ ಇಲ್ಲ. ಕಾರಣ ಹೋಗಿ ರೂಢಿ ಉಳಿದಿತ್ತು.

ಎಡ ಭುಜ

ಎರಡು ದಾರಿಗಳಿದ್ದವು. ಬಲ ಭುಜದಲ್ಲೇ ಮುಂದುವರಿಸಿ ಎಡಗಣ್ಣಿನ ಮುಂದೆ ಒಂದು ಮರೆ ಕಟ್ಟುವುದು ಒಂದು. ಸ್ಪರ್ಧಿಗಳು ಹಾಗೆ ಮಾಡುತ್ತಾರೆ; ಕಪ್ಪು ಬಟ್ಟೆಗಿಂತ ಬೆಳಕು ಹಾಯುವ ಮಬ್ಬು ಪ್ಲಾಸ್ಟಿಕ್ ಮೇಲು, ಏಕೆಂದರೆ ಒಂದು ಕಣ್ಣಿಗೆ ಪೂರ್ತಿ ಕತ್ತಲಾದರೆ ಇನ್ನೊಂದರ ಪಾಪೆಯೂ ಹಿಗ್ಗುತ್ತದೆ. ಎಡ ಭುಜಕ್ಕೆ ಬದಲಾಗುವುದು ಇನ್ನೊಂದು. ಮೊದಲನೆಯದರಲ್ಲಿ ಮುಂದೆ ಸಾಮಾನು ಸಿಗುವುದು ಸುಲಭ; ಸ್ಪರ್ಧೆಯ ರೈಫಲ್ಲಿನ ಮರದ ಹಿಡಿ ಒಂದೇ ಬದಿಗೆ ಹೊಂದುವಂತೆ ಕೊರೆದಿರುತ್ತದೆ, ಎಡಗೈಯದು ನಮ್ಮ ಕಡೆ ಸಿಗುವುದು ದುರ್ಲಭ. ಎರಡನ್ನೂ ಹುಡುಗಿಗೆ ವಿವರಿಸಿ, ನೀನೇ ಹೇಳು ಎಂದರು ತರಬೇತುದಾರರು. ಅವಳು ಎಡ ಎಂದಳು.

ತಾಯಿಗೆ ತಿಳಿಸಲು ಎಂಟನೆಯ ದಿನ ಸಂಜೆ ಮನೆಗೆ ಹೋದೆ. ಕೂದಲು ಬಿಡಿಸುವುದನ್ನು ನೋಡಿದ್ದು ಆಗಲೇ. ಗುಂಡು, ಕಣ್ಣು, ಸೆಂಟಿಮೀಟರ್ ಯಾವುದಕ್ಕೂ ತಾಯಿ ತಕರಾರು ತೆಗೆಯಲಿಲ್ಲ. ಎಡ ಎಂಬ ಮಾತಿಗೆ ಮಾತ್ರ ಕೈ ನಿಲ್ಲಿಸಿದರು. ‘ಸಣ್ಣಾಕಿ ಇದ್ದಾಗ ಎಡಗೈಲೇ ತುತ್ತು ಎತ್ತತಿದ್ಲ್ರಿ ಅಕ್ಕೋರ. ಅವರಜ್ಜಿ ಹೊಡದು ಬಿಡಿಸ್ಯಾಳ. ಈಗ ಮತ್ತ ಎಡ ಅಂದ್ರ ಮುದುಕಿ ಏನಂತಾಳೋ.’ ಹಾಗಾದರೆ ಬಲಗೈಯ ಬರವಣಿಗೆಯೂ ಅವಳಿಗೆ ಹುಟ್ಟಾ ಬಂದದ್ದಲ್ಲ, ಕೂಡಿಸಿದ್ದು ಎಂದು ತಿಳಿದದ್ದು ಆ ಹೊತ್ತಿನಲ್ಲಿ. ‘ಬರಿಯೂದು ಯಾ ಕೈಲೇ’ ಎಂಬ ನಮ್ಮ ಪ್ರಶ್ನೆಗೆ ಸಿಕ್ಕ ಉತ್ತರ ಅಜ್ಜಿಯದಾಗಿತ್ತು, ಹುಡುಗಿಯದಲ್ಲ. ಅಜ್ಜಿ ಕಟ್ಟೆಯ ಮೇಲಿಂದಲೇ ಎಲ್ಲ ಕೇಳಿಸಿಕೊಂಡಿದ್ದರು. ‘ಉಣ್ಣೂದು ಬಲಗೈಲೇ ಉಣ್ಲಿ. ಬಂದೂಕು ಏನರೆ ಮಾಡ್ಕೊಳ್ಳಲಿ’ ಎಂದು ತೀರ್ಪು ಕೊಟ್ಟರು.

ಒಂಬತ್ತನೆಯ ದಿನ ಅವಳು ಎಡ ಭುಜದಿಂದ ಹತ್ತು ಗುಂಡು ಹೊಡೆದಳು. ಹತ್ತೂ ಅವಳದೇ ಕಾರ್ಡಿನಲ್ಲಿದ್ದವು. ಅಂಕ 58, ಆ ದಿನ ಹೊಡೆದ ಮಕ್ಕಳಲ್ಲಿ ಒಂಬತ್ತನೆಯದು. ಪವಾಡವೇನೂ ನಡೆಯಲಿಲ್ಲ: ಎಡ ತೋರುಬೆರಳು ರೈಫಲ್ಲಿನ ಕುದುರೆಯನ್ನು (ಟ್ರಿಗರ್) ಒತ್ತುವ ಬದಲು ಕೀಳುತ್ತಿತ್ತು, ಪೆಲೆಟ್ ತುಂಬುವಾಗ ಕೈಗಳು ಅದಲುಬದಲಾಗಿ ತಡವರಿಸುತ್ತಿದ್ದವು. ಕೊನೆಯ ದಿನದ ಹೊತ್ತಿಗೆ 71ಕ್ಕೆ ಬಂದಳು. ದೂರು ಕೊಟ್ಟ ಹುಡುಗ ಆ ದಿನ 76 ಹೊಡೆದ. ತಾನೂ ಕಿಂಡಿ ಮಾಡಿ ಹಳಿ ನೋಡಿದ್ದೇನೆ, ತನ್ನದು ಬಲಗಣ್ಣು ಎಂದು ಅವನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಏಳನೆಯ ದಿನವೇ ಉಳಿದ ಎಲ್ಲ ಮಕ್ಕಳಿಗೂ ತರಬೇತುದಾರರು ಆ ಪರೀಕ್ಷೆ ಮಾಡಿದ್ದರು; ಇನ್ನೂ ಮೂವರು ಎಡಗಣ್ಣಿನವರು ಸಿಕ್ಕರು. ಅವರಲ್ಲಿ ಒಬ್ಬ ಅದಾಗಲೇ ಶೂಟಿಂಗ್ ಬಿಟ್ಟು ಮಲ್ಲಕಂಬಕ್ಕೆ ಹೋಗಿದ್ದ. ವಾಪಸು ಕರೆದೆವು, ಬರಲಿಲ್ಲ. ಅವನ ಕಾರ್ಡುಗಳನ್ನು ತೆಗೆದು ನೋಡಿದಾಗ ಮೂರನೆಯ ದಿನ ಎಂಟು ತೂತು, ನಾಲ್ಕನೆಯ ದಿನ ಐದು ಇದ್ದವು. ಅವನು ಕೂತಿದ್ದುದು ಮೊದಲ ಲೇನಿನಲ್ಲಿ, ಅದರ ಎಡಕ್ಕೆ ಕಾರ್ಡೇ ಇರಲಿಲ್ಲ.

ಸಮಾರೋಪದ ದಿನ ಪ್ರಮಾಣಪತ್ರ ಹಂಚಿದ ಮೇಲೆ ಹುಡುಗಿ ಹಿಂದೆಯೇ ಉಳಿದಳು. ನಾನು ದಿನಚರಿ ಪುಸ್ತಕ ಕಟ್ಟಿಡುತ್ತಿದ್ದೆ. ‘ಅಕ್ಕೋರ, ಅವತ್ತಿಂದು ಏನ್ ಬರದೀರಿ, ತೋರಸ್ರಿ’ ಎಂದಳು. ಐದನೆಯ ದಿನದ ಪುಟ ತೆರೆದು ಕೊಟ್ಟೆ. ನಿಧಾನವಾಗಿ, ತುಟಿಯಾಡಿಸುತ್ತ ಓದಿದಳು. ‘ಉದ್ದೇಶ’ ಎಂದು ಬರೆಯದೆ ‘ಬೇಕೆಂದೇ’ ಎಂದು ಬರೆದಿದ್ದರಿಂದ ಅವಳಿಗೆ ಅರ್ಥವಾಗದೇ ಇರುವಂಥದ್ದು ಆ ಸಾಲಿನಲ್ಲಿ ಏನೂ ಇರಲಿಲ್ಲ. ನಾನು ಕೆಂಪು ಪೆನ್ನು ತೆಗೆದು ಆ ಸಾಲಿಗೆ ಅಡ್ಡಗೆರೆ ಎಳೆದು, ಕೆಳಗೆ ‘ಮೇಲಿನದು ತಪ್ಪು. ಹುಡುಗಿ ಹೇಳಿದ್ದು ನಿಜ’ ಎಂದು ಬರೆದು ಸಹಿ ಹಾಕಿದೆ. ಪುಸ್ತಕವನ್ನು ತನ್ನ ಕಡೆ ತಿರುಗಿಸಿಕೊಂಡು ಅದನ್ನೂ ಓದಿದಳು.

‘ತಾರೀಖು ಹಾಕ್ರಿ’ ಎಂದಳು. ಹಾಕಿದೆ.